ಹರಕೆ ಆಟದ ವಿಮಾನ

ನಮ್ಮ ಕುಂದಾಪುರದ ಬದಿಯವರಿಗೆ ಯಕ್ಷಗಾನ ಮೇಳಗಳಲ್ಲಿ ಎರಡು ಥರ ಅಂತ ಹೇಳಿಕೊಡೋದೇನೂ ಬೇಡ. ಒಂದು ಟೆಂಟ್ ಮೇಳ. ಗದ್ದೆಯಲ್ಲಿ ಡೇರೆ ಎಬ್ಬಿಸಿ, ಜೀಪಿನಲ್ಲಿ ಮೈಕ್ ಕಟ್ಟಿ ಊರೆಲ್ಲ ಕೂಗಿ, ಟಿಕೆಟ್ ಮಾರಿ ಆಟ ಆಡೋದು. ಜನ ಬಂದರೆ ದುಡ್ಡು, ಮಳೆ ಬಂದರೆ ನಷ್ಟ. ಈಗ ಅಂಥ ಮೇಳಗಳು ಕಡಿಮೆಯಾಗಿವೆ ಬಿಡಿ. ಇನ್ನೊಂದು ಹರಕೆ ಆಟದ ಮೇಳ. ಮಂದಾರ್ತಿ, ಕಟೀಲು ಇತ್ಯಾದಿ. ಅಲ್ಲಿ ಯಾರೋ ಒಬ್ಬರು ಇಡೀ ರಾತ್ರಿಯ ಆಟಕ್ಕೆ ವೀಳ್ಯ ಕೊಟ್ಟು, ವರ್ಷಗಟ್ಟಲೆ ಮೊದಲೇ ಬುಕ್ ಮಾಡಿರುತ್ತಾರೆ. ಎದುರಿಗೆ ಸಾವಿರ ಜನ ಕೂತಿರಲಿ, ಹತ್ತೇ ಜನ ಇರಲಿ, ಮೇಳಕ್ಕೆ ಬರುವ ದುಡ್ಡು ಅಷ್ಟೇ.

ಚಾರ್ಟರ್ ವಿಮಾನ ಅಂದರೆ ಇದೇ ಹರಕೆ ಆಟ. ನಾವು ನೀವು ಸೀಟು ಲೆಕ್ಕದಲ್ಲಿ ಟಿಕೆಟ್ ತಗೊಂಡು ಹೋಗೋ ವಿಮಾನಗಳು ಟೆಂಟ್ ಮೇಳದ ಜಾತಿ. ಚಾರ್ಟರ್‌ನಲ್ಲಿ ಹಾಗಲ್ಲ. ಪ್ರವಾಸದ ಕಂಪನಿಯೊಂದು ಇಡೀ ಸೀಸನ್ನಿಗೆ ವಿಮಾನವನ್ನೇ ಹಿಡಿದುಕೊಳ್ಳುತ್ತೆ. ಆಮೇಲೆ ಹೋಟೆಲು, ಊಟ, ಬಸ್ಸು ಎಲ್ಲ ಸೇರಿಸಿ ಒಂದು ಕಟ್ಟು ಮಾಡಿ ಜನಕ್ಕೆ ಮಾರುತ್ತೆ. 1950ರಲ್ಲಿ ವ್ಲಾದಿಮಿರ್ ರೈಟ್ಸ್ ಅನ್ನೋರು ಲಂಡನ್ನಿನ ಗ್ಯಾಟ್ವಿಕ್‌ನಿಂದ ಕಾರ್ಸಿಕಾ ದ್ವೀಪದ ಕಾಲ್ವಿಗೆ ಒಂದು ಡಕೋಟಾ ವಿಮಾನದಲ್ಲಿ ಜನರನ್ನು ಕರಕೊಂಡು ಹೋಗಿದ್ದರು. ವಿಮಾನ, ವಸತಿ, ಊಟ ಎಲ್ಲ ಸೇರಿ 32 ಪೌಂಡ್ 10 ಶಿಲಿಂಗ್. ಬ್ರಿಟನ್ನಿನ ಇವತ್ತಿನ ಪ್ಯಾಕೇಜ್ ಟೂರ್ ವ್ಯವಹಾರಕ್ಕೆಲ್ಲ ಅದೇ ಮೂಲ ಅಂತಾರೆ.

ಇದೆಲ್ಲ ನನಗೆ ಯಾಕೆ ಗೊತ್ತು ಅಂದ್ರೆ, 2012ರಿಂದ ಏಳು ವರ್ಷ ನಾನು ಮ್ಯಾಂಚೆಸ್ಟರಿನಲ್ಲಿದ್ದೆ. ಕೆಲಸ ಇನ್ಶೂರೆನ್ಸ್ ಸಾಫ್ಟ್‌ವೇರಿನದ್ದು, ವಿಮಾನಕ್ಕೂ ನನಗೂ ಸಂಬಂಧ ಇಲ್ಲ. ಆದರೆ ಬಾಡಿಗೆ ಮನೆ ಇದ್ದದ್ದು ಹೀಲ್ಡ್ ಗ್ರೀನ್‌ನಲ್ಲಿ, ವಿಮಾನ ನಿಲ್ದಾಣದ ಮಗ್ಗುಲಲ್ಲೇ. ಜೊತೆಗೆ ಪಕ್ಕದ ಮನೆಯಾಕೆ ಒಂದು ಚಾರ್ಟರ್ ಕಂಪನಿಯಲ್ಲಿ ಗಗನಸಖಿ. ಕಂಪನಿಯ ಹೆಸರು ಬೇಡ. ವಯಸ್ಸು ನಲವತ್ತು ದಾಟಿತ್ತು, ಎರಡು ಮಕ್ಕಳು. ಆಕೆಯದ್ದು ಸೀಸನಲ್ ಕಾಂಟ್ರಾಕ್ಟ್. ಏಪ್ರಿಲಿನಿಂದ ಅಕ್ಟೋಬರ್ ಕೊನೆಯವರೆಗೆ ಕೆಲಸ, ಆಮೇಲೆ ಮನೆ. ಕ್ರಿಸ್‌ಮಸ್ ಹೊತ್ತಿಗೆ ಸೂಪರ್ ಮಾರ್ಕೆಟ್ಟಿನ ಬಿಲ್ಲಿಂಗ್ ಕೌಂಟರಿನಲ್ಲಿ ಕೂರುತ್ತಿದ್ದರು. ಮುಂದಿನ ಏಪ್ರಿಲಿಗೆ ಮತ್ತೆ ಕರೆಯುತ್ತಾರೋ ಇಲ್ಲವೋ ಅಂತ ಫೆಬ್ರವರಿ ತನಕ ಕಾಯಬೇಕು. ಹದಿಮೂರು ವರ್ಷ ಹೀಗೇ ನಡೆದಿತ್ತು.

ಇನ್ನು ನಮ್ಮ ಅಣ್ಣಯ್ಯ, ಅಂದರೆ ದೊಡ್ಡಮ್ಮನ ಮಗ. ಅವನು ಗೋವಾದ ಕಲಂಗುಟ್ ಹತ್ತಿರ ಒಂದು ಹೋಟೆಲಿನ ಅಡುಗೆಮನೆಯಲ್ಲಿ. ಅವನದ್ದೂ ಸೀಸನ್ ಕೆಲಸವೇ. ಅಕ್ಟೋಬರಿಗೆ ಹೋದರೆ ಏಪ್ರಿಲ್ ಕೊನೆಗೆ ಊರಿಗೆ. ಮಳೆಗಾಲಪೂರ್ತಿ ಗದ್ದೆ, ಮನೆ ಮಾಡಿನ ರಿಪೇರಿ, ಅಲ್ಲಿ ಇಲ್ಲಿ ಮದುವೆ ಅಡುಗೆ. ಪ್ರತಿ ಸೆಪ್ಟೆಂಬರಿನಲ್ಲಿ ನನಗೆ ಫೋನ್ ಬರುತ್ತಿತ್ತು: "ಮಾಣಿ, ಈ ಸರ್ತಿ ನಿಮ್ ಬದಿ ವಿಮಾನ ಬತ್ತಾ ಇಲ್ಯಾ?" ನಾನೇನೋ ವಿಮಾನದ ಮಾಲೀಕ ಅನ್ನೋ ಹಾಗೆ :-)

ನೋಡಿ, ಈಕೆಯ ಕೆಲಸ ಮುಗಿಯುವ ತಿಂಗಳಲ್ಲೇ ಅವನ ಕೆಲಸ ಶುರು. ಇಬ್ಬರ ನಡುವೆ ಓಡಾಡುವುದು ಅದೇ ಜಾತಿಯ ವಿಮಾನ. ಅದರ ಲೆಕ್ಕ ಹೇಗೆ ಅಂತ ತಿಳಿದುಕೊಳ್ಳುವ ಹುಚ್ಚು ನನಗೆ ಹತ್ತಿದ್ದು ಹಾಗೆ.

ಬೇಸಿಗೆಯಲ್ಲಿ ಚಾರ್ಟರ್ ವಿಮಾನಕ್ಕೆ ಉಸಿರಾಡಲೂ ಪುರುಸೊತ್ತಿಲ್ಲ. ಮ್ಯಾಂಚೆಸ್ಟರಿನಿಂದ ಸ್ಪೇನಿನ ಪಾಲ್ಮಾ ಎರಡೂವರೆ ಗಂಟೆಯ ದಾರಿ. ಬೆಳಗಿನ ಜಾವ ಒಂದು ಟ್ರಿಪ್ ಹೋಗಿ ಬಂದು, ಮಧ್ಯಾಹ್ನ ಇನ್ನೊಂದು ದ್ವೀಪಕ್ಕೆ ಹೋಗಿ ಬಂದು, ರಾತ್ರಿ ಟರ್ಕಿಗೋ ಗ್ರೀಸಿಗೋ ಮತ್ತೆ ಹೊರಡುತ್ತೆ. ಹೋದವಾರದವರನ್ನು ವಾಪಸ್ ತರುವುದು, ಈ ವಾರದವರನ್ನು ಅಲ್ಲಿ ಇಳಿಸುವುದು. ಒಂದು ಕೊಂಡಿ ಕಳಚಿದರೆ ಹಿಂದಿನ ಮುಂದಿನ ಎಲ್ಲವೂ ತಡ. ಆದರೆ ಅಕ್ಟೋಬರಿನ ಕೊನೆಯ ಭಾನುವಾರ ಚಳಿಗಾಲದ ವೇಳಾಪಟ್ಟಿ ಬಂತೋ, ಅರ್ಧಕ್ಕರ್ಧ ಕೆಲಸ ಮಾಯ.

ಹಿಂದಿನ ಕಾಲದಲ್ಲಿ ಇದು ಅಷ್ಟು ದೊಡ್ಡ ಕಷ್ಟವಾಗಿರಲಿಲ್ಲ. ಯಾಕಂದ್ರೆ ಚಾರ್ಟರ್ ಕಂಪನಿಗಳು ಹೆಚ್ಚಾಗಿ ಕೊಳ್ಳುತ್ತಿದ್ದದ್ದು ದೊಡ್ಡ ಏರ್‌ಲೈನ್‌ಗಳು ಬಳಸಿ ಬಿಟ್ಟ ಹಳೇ ವಿಮಾನಗಳನ್ನು. ಯುರಾವಿಯಾ ಅಂತ ಒಂದು ಕಂಪನಿ 1962ರಲ್ಲಿ ಸೆಕೆಂಡ್ ಹ್ಯಾಂಡ್ ಕಾನ್‌ಸ್ಟಲೇಶನ್ ವಿಮಾನಗಳಲ್ಲಿ ಹಾರಾಟ ಶುರು ಮಾಡಿತು, ಮ್ಯಾಂಚೆಸ್ಟರಿನಿಂದ ಪಾಲ್ಮಾಕ್ಕೆ. ಹಳೇ ವಿಮಾನ ಅಗ್ಗ. ಚಳಿಗಾಲದಲ್ಲಿ ಶೆಡ್ಡಿನಲ್ಲಿ ನಿಂತರೂ ಸಾಲದ ಕಂತು ಕುತ್ತಿಗೆ ಹಿಡಿಯುವುದಿಲ್ಲ. ನಮ್ಮಲ್ಲಿ ಮಳೆಗಾಲದಲ್ಲಿ ದೋಣಿಯನ್ನು ದಡಕ್ಕೆ ಎಳೆದು ಮಡಲು ಮುಚ್ಚಿ ಇಡುತ್ತಾರಲ್ಲ, ಹಾಗೆ. ದೋಣಿ ಸ್ವಂತದ್ದಾದರೆ ನಿದ್ದೆ ಬರುತ್ತೆ.

ಅದೇ ಕಂಪನಿ 1964ರಲ್ಲಿ ಬ್ರಿಟಾನಿಯಾ ಅಂತ ಹೆಸರು ಬದಲಿಸಿಕೊಂಡಿತು. 1968ರಲ್ಲಿ ಹೊಚ್ಚ ಹೊಸ ಬೋಯಿಂಗ್ 737 ತಂತು, 1984ರಲ್ಲಿ 767. ಮುಂದೆ ಥಾಮ್ಸನ್ ಆಗಿ, 2013ರಲ್ಲಿ ಬ್ರಿಟನ್ನಿಗೆ ಮೊದಲ 787 ಡ್ರೀಮ್‌ಲೈನರ್ ತಂದದ್ದೂ ಇವರೇ. 2017ರಿಂದ ಟೂಯಿ ಅನ್ನೋ ಹೆಸರಿನಲ್ಲಿದೆ. ಹೊಸ ವಿಮಾನ ಎಣ್ಣೆ ಕಡಿಮೆ ಕುಡಿಯುತ್ತೆ, ದೂರ ಹಾರುತ್ತೆ, ಸದ್ದು ಕಡಿಮೆ. ಎಲ್ಲ ಸರಿ. ಆದರೆ ಅದರ ಬಾಡಿಗೆಯೋ ಕಂತೋ ಜನವರಿಯಲ್ಲೂ ಬರುತ್ತೆ! ಜನವರಿಯಲ್ಲಿ ಪಾಲ್ಮಾದ ಕಡಲಿಗೆ ಇಳಿಯೋರು ಯಾರು? ಅಂದರೆ ವಿಮಾನ ಹೊಸದಾದಷ್ಟೂ ಅದು ಸುಮ್ಮನೆ ನಿಲ್ಲುವ ಹಾಗಿಲ್ಲ. ವಿಮಾನ ಬದಲಾದರೆ ಸೀಸನ್ನೇ ಬದಲಾಗಬೇಕು.

ಹಾಗಾಗಿ ಕಂಪನಿಗಳು ಚಳಿಗಾಲಕ್ಕೆ ಕೆಲಸ ಹುಡುಕಿದವು. ಒಂದಷ್ಟು ವಿಮಾನ ಕ್ಯಾನರಿ ದ್ವೀಪಗಳಿಗೆ, ಒಂದಷ್ಟು ಹಿಮದಲ್ಲಿ ಜಾರುವವರನ್ನು ಹೊತ್ತು ಜಿನೀವಾ, ಸಾಲ್ಜ್‌ಬರ್ಗಿಗೆ. ಇನ್ನೂ ಚೆಂದದ ಉಪಾಯ ಕೆನಡಾದ್ದು. ಬ್ರಿಟನ್ನಿನವರು ಬೇಸಿಗೆಯಲ್ಲಿ ಕಡಲಿಗೆ ಓಡಿದರೆ, ಕೆನಡಾದವರು ಚಳಿ ತಡೆಯಲಾರದೆ ಚಳಿಗಾಲದಲ್ಲಿ ಮೆಕ್ಸಿಕೋ, ಕ್ಯೂಬಾಕ್ಕೆ ಓಡುತ್ತಾರೆ. ಒಬ್ಬರ ಸೀಸನ್ ಮುಗಿದಾಗ ಇನ್ನೊಬ್ಬರದ್ದು ಶುರು. 1987ರಲ್ಲಿ ಮ್ಯಾಂಚೆಸ್ಟರಿನಲ್ಲಿ ಎರಡು ಬೋಯಿಂಗ್ 757 ಇಟ್ಟುಕೊಂಡು ಶುರುವಾದ ಏರ್ 2000, ಮರುವರ್ಷವೇ ಕೆನಡಾದಲ್ಲಿ ತಮ್ಮನ ಥರ ಒಂದು ಕಂಪನಿ ಹುಟ್ಟುಹಾಕಿತು. ಮುಂದೆ ಟೂಯಿಗೂ ಕೆನಡಾದ ಸನ್‌ವಿಂಗ್‌ಗೂ ಇದೇ ಕೊಡು-ಕೊಳ್ಳುವಿಕೆ ಇತ್ತು. ಬೇಸಿಗೆಯಲ್ಲಿ ಅವರ 737ಗಳು ಇಲ್ಲಿ, ಚಳಿಗಾಲದಲ್ಲಿ ಇವರವು ಅಲ್ಲಿ. ಸನ್‌ವಿಂಗ್ 2023ರಲ್ಲಿ ವೆಸ್ಟ್‌ಜೆಟ್ ಪಾಲಾಗಿ, 2025ರ ಮೇ ತಿಂಗಳಲ್ಲಿ ಆ ಹೆಸರಿನ ಹಾರಾಟವೇ ನಿಂತಿತು. ಮಳೆಗಾಲದಲ್ಲಿ ದೊಡ್ಡ ಮೇಳದ ಕಲಾವಿದರು ಚಿಕ್ಕಮೇಳ ಕಟ್ಟಿಕೊಂಡು ಮನೆಮನೆಗೆ ಹೋಗುತ್ತಾರಲ್ಲ, ಅದೇ ಉಪಾಯ ಇದು. ಗೆಜ್ಜೆ ಸುಮ್ಮನೆ ತೂಗುಹಾಕಿದರೆ ಹೊಟ್ಟೆ ಕೇಳುವುದಿಲ್ಲ.

ಗೋವಾ ಕೂಡ ಇದೇ ಲೆಕ್ಕದಲ್ಲಿ ಬಂದದ್ದು. ನಮಗೆ ಅದು ಪಕ್ಕದ ಊರು, ಅವರಿಗೆ ಅದು ಚಳಿಗಾಲದಲ್ಲಿ ವಿಮಾನಕ್ಕೆ ಕೆಲಸ ಕೊಡುವ ಒಂದು ದೂರದ ಕಡಲತೀರ. ತುಂಬಿದ 757ಕ್ಕೆ ಇಂಗ್ಲೆಂಡಿನಿಂದ ಒಂದೇ ಉಸಿರಿಗೆ ಗೋವಾ ಮುಟ್ಟುವುದು ಆಗದ ಮಾತು, ನಡುವೆ ಇಳಿದು ಎಣ್ಣೆ ಹಾಕಿಸಿಕೊಳ್ಳಬೇಕಿತ್ತು. 787 ಬಂದ ಮೇಲೆ ಸುಮಾರು 300 ಜನರನ್ನು ತುಂಬಿಕೊಂಡು ಹತ್ತು ಗಂಟೆ ಆಸುಪಾಸಿನಲ್ಲಿ ನೇರ ದಾಬೋಲಿಂ. ಅಣ್ಣಯ್ಯನಿಗೆ 757, 787 ಎಲ್ಲ ಗೊತ್ತಿರಲಿಲ್ಲ. ಆದರೆ ವಿಮಾನ ದೊಡ್ಡದಾದದ್ದು ಅವನಿಗೆ ಬೆಳಗಿನ ಮೊಟ್ಟೆಯ ಲೆಕ್ಕದಲ್ಲಿ ಗೊತ್ತಾಗಿತ್ತು. ದಾಬೋಲಿಂ ನೌಕಾಪಡೆಯ ನಿಲ್ದಾಣ ಬೇರೆ. ವಾರದ ದಿನಗಳಲ್ಲಿ ಬೆಳಿಗ್ಗೆ ಎಂಟೂವರೆಯಿಂದ ಮಧ್ಯಾಹ್ನ ಒಂದರವರೆಗೆ ಅವರ ತರಬೇತಿಗೆ ಮೀಸಲು. ಹಾಗಾಗಿ ಹೊತ್ತಲ್ಲದ ಹೊತ್ತಿನಲ್ಲಿ ಬಂದಿಳಿದವರಿಗೆ ಅಡುಗೆಮನೆ ಯಾವಾಗ ಬೇಕಾದರೂ ತೆರೆದಿರಬೇಕು.

ಚಾರ್ಟರ್ ಕಂಪನಿಗಳ ಇನ್ನೊಂದು ಸಂಗತಿ ನನ್ನನ್ನು ಬಹಳ ದಿನ ಕಾಡಿದೆ. ಅವು ಹೆಚ್ಚಾಗಿ ಮುಳುಗುವುದು ಸೆಪ್ಟೆಂಬರ್-ಅಕ್ಟೋಬರಿನಲ್ಲಿ. ಎಲ್ಲವೂ ಅಂತಲ್ಲ. ಕೋರ್ಟ್ ಲೈನ್ 1974ರಲ್ಲಿ ನಡು ಆಗಸ್ಟಿನಲ್ಲೇ ಹೋಯಿತು. ಆದರೆ ಎಕ್ಸೆಲ್ ಮುಚ್ಚಿದ್ದು 2008ರ ಸೆಪ್ಟೆಂಬರ್ 12ಕ್ಕೆ, ಮೊನಾರ್ಕ್ 2017ರ ಅಕ್ಟೋಬರ್ 2ಕ್ಕೆ, ಥಾಮಸ್ ಕುಕ್ 2019ರ ಸೆಪ್ಟೆಂಬರ್ 23ಕ್ಕೆ. ಕಾರಣ ಸರಳ. ಜನ ಬೇಸಿಗೆಗೆ ಮುಂಚೆಯೇ ಪೂರ್ತಿ ದುಡ್ಡು ಕಟ್ಟಿರುತ್ತಾರೆ, ಪೆಟ್ಟಿಗೆ ತುಂಬಿರುತ್ತೆ. ಹೋಟೆಲಿನವರ ಬಿಲ್ಲು ನಿಧಾನವಾಗಿ, ಬೇಸಿಗೆ ಮುಗಿಯುವ ಹೊತ್ತಿಗೆ ಬರುತ್ತೆ. ಆಗ ಹೊಸ ಗಿರಾಕಿ ಇಲ್ಲ, ಮುಂದೆ ಉದ್ದ ಚಳಿಗಾಲ. ನಮ್ಮ ರೈತರಿಗೆ ಆಷಾಢ ಬಂದ ಹಾಗೆ.

ಮೊನಾರ್ಕಿನ ಕಥೆಯಂತೂ ವಿಚಿತ್ರ. ಹರಕೆ ಆಟದ ಮೇಳ ಟೆಂಟ್ ಮೇಳ ಆಗಲು ಹೊರಟ ಹಾಗೆ, ಚಾರ್ಟರ್ ಬಿಟ್ಟು ಸೀಟು ಸೀಟು ಮಾರಲು ಹೊರಟಿತು. 2014ರಲ್ಲಿ 30 ಹೊಸ 737 ಮ್ಯಾಕ್ಸ್ ವಿಮಾನಗಳಿಗೆ ಆರ್ಡರ್ ಕೂಡ ಕೊಟ್ಟಿತು. ಅಷ್ಟರಲ್ಲಿ 2015ರಲ್ಲಿ ಟ್ಯುನೀಷಿಯಾದ ಸೂಸ್ ಕಡಲತೀರದಲ್ಲಿ ಗುಂಡಿನ ದಾಳಿ, ಈಜಿಪ್ಟಿನ ಶರ್ಮ್ ಅಲ್ ಶೇಖ್‌ಗೆ ಬ್ರಿಟನ್ನಿನ ವಿಮಾನಗಳು ಬಂದ್. ಉಳಿದ ಎಲ್ಲ ಕಂಪನಿಗಳೂ ಸ್ಪೇನಿನ ಮೇಲೇ ಬಿದ್ದು ಟಿಕೆಟ್ ದರ ಕುಸಿಯಿತು. ಒಂದು ಹೊಸ ಮ್ಯಾಕ್ಸ್ ಕೈಗೆ ಬರುವ ಮೊದಲೇ ಕಂಪನಿ ಇಲ್ಲ. ವಿದೇಶದಲ್ಲಿ ಸಿಕ್ಕಿಹಾಕಿಕೊಂಡ 1,10,000 ಜನರನ್ನು ಕರೆತರಲು ಸರ್ಕಾರ ಊರೂರಿನ ವಿಮಾನಗಳನ್ನು ಬಾಡಿಗೆ ಹಿಡಿಯಿತು. ನೆರೆಹೊರೆ ದೇಶಗಳ ದಿಗ್ಬಂಧನದಿಂದ ಕೆಲಸವಿಲ್ಲದೆ ನಿಂತಿದ್ದ ಕತಾರ್ ಏರ್‌ವೇಸ್ ವಿಮಾನಗಳೂ ಅದರಲ್ಲಿದ್ದವು. ಒಬ್ಬರ ಸಂಕಟ ಇನ್ನೊಬ್ಬರ ಕೆಲಸ...

ಥಾಮಸ್ ಕುಕ್ ಮುಚ್ಚಿದಾಗ ನಾನಿನ್ನೂ ಅಲ್ಲೇ ಇದ್ದೆ. 178 ವರ್ಷದ ಸಂಸ್ಥೆ. ಅದರ ಕೊನೆಯ ವಿಮಾನ ಆರ್ಲ್ಯಾಂಡೋದಿಂದ ಬಂದು ಇಳಿದದ್ದು ಮ್ಯಾಂಚೆಸ್ಟರಿನಲ್ಲೇ. ವಿದೇಶದಲ್ಲಿ ಉಳಿದವರು ಒಂದೂವರೆ ಲಕ್ಷ ಬ್ರಿಟಿಷರು, ಬ್ರಿಟನ್ನಿನಲ್ಲೇ ಕೆಲಸ ಹೋದವರು 9,000. (ನಮ್ಮ ದೇಶದ ಥಾಮಸ್ ಕುಕ್ ಬೇರೆ ಮಾಲೀಕರದ್ದು, ಅದಕ್ಕೇನೂ ಆಗಲಿಲ್ಲ.) ಆ ವಿಮಾನಗಳು ಏನಾದವು ಅಂತ ಪಕ್ಕದ ಮನೆಯಾಕೆಯನ್ನು ಕೇಳಿದೆ. ಆಕೆ ಅಂದದ್ದು ಇಷ್ಟು: "ವಿಮಾನದ ಚಿಂತೆ ಬೇಡ. ಬಣ್ಣ ಬಳಿದು ಇನ್ನೊಬ್ಬರು ಹಾರಿಸುತ್ತಾರೆ." ಮನುಷ್ಯರ ವಿಷಯ ಆಕೆ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಆಮೇಲೆ 2020. ಮಾರ್ಚ್ ತಿಂಗಳಲ್ಲಿ ಅಣ್ಣಯ್ಯ ಸೀಸನ್ ಮುಗಿಯುವ ಮೊದಲೇ ಊರಿಗೆ ಬಂದ. ಆ ಹೊತ್ತಿಗೆ ನಾನೂ ಬೆಂಗಳೂರಿಗೆ ವಾಪಸಾಗಿದ್ದೆ. ಮುಂದಿನ ಎರಡು ಚಳಿಗಾಲ ಇಂಗ್ಲೆಂಡಿನ ಗಿರಾಕಿಗಳು ಅವನ ಹೋಟೆಲಿಗೆ ಬರಲೇ ಇಲ್ಲ. 2022ರಲ್ಲಿ ಎಲ್ಲ ತೆರೆದುಕೊಂಡಿತು ಅಂದುಕೊಂಡರೆ, ಬ್ರಿಟನ್ನಿನವರಿಗೆ ನಮ್ಮ ಇ-ವೀಸಾ ಮತ್ತೆ ಸಿಕ್ಕಿದ್ದು ಡಿಸೆಂಬರಿನಲ್ಲಿ. ಅಷ್ಟರಲ್ಲಿ ಅರ್ಧ ಸೀಸನ್ ಮುಗಿದಿತ್ತು. ಅತ್ತ ಟೂಯಿಯ ಹಳೇ 757ಗಳು 2021ರಲ್ಲೇ ನಿವೃತ್ತಿಯಾಗಿದ್ದವು. ಎರಡು ಅಪಘಾತಗಳಾಗಿ 2019ರ ಮಾರ್ಚಿನಿಂದ ನೆಲಕ್ಕಿಳಿದಿದ್ದ 737 ಮ್ಯಾಕ್ಸ್‌ಗಳು ಮತ್ತೆ ಹಾರತೊಡಗಿದ್ದವು. ವಿಮಾನಗಳು ತಮ್ಮ ಪಾಡಿಗೆ ಬದಲಾಗುತ್ತಲೇ ಇದ್ದವು.

ಅಣ್ಣಯ್ಯ ಆ ಎರಡು ವರ್ಷ ಹೆಮ್ಮಾಡಿ ಹತ್ತಿರ ಒಂದು ಸಣ್ಣ ಕ್ಯಾಂಟೀನ್ ಇಟ್ಟ. ಬೆಳಿಗ್ಗೆ ಬನ್ಸ್, ಗೋಳಿಬಜೆ, ಮಧ್ಯಾಹ್ನ ಮೀನೂಟ. ದೊಡ್ಡಮ್ಮನ ಬಳೆ ಅಡ ಇಟ್ಟು ಶುರು ಮಾಡಿದ್ದು. 2023ರಲ್ಲಿ ಗೋವಾದ ಮಾಲೀಕರು ಮತ್ತೆ ಕರೆದರು, ಹೋದ. ಆದರೆ ಕ್ಯಾಂಟೀನ್ ಮುಚ್ಚಲಿಲ್ಲ, ಅತ್ತಿಗೆ ನೋಡಿಕೊಳ್ಳುತ್ತಾರೆ. ಈಗ ಅವನ ಹೋಟೆಲಿಗೆ ಬರುವವರಲ್ಲಿ ಹೆಚ್ಚಿನವರು ಬೆಂಗಳೂರು, ಪುಣೆ, ದಿಲ್ಲಿಯವರಂತೆ. ಅವರಿಗೆ ಚಾರ್ಟರ್ ಬೇಡ, ವಾರಾಂತ್ಯ ಸಾಕು.

ಹೋದ ವರ್ಷ ಊರಿಗೆ ಹೋದಾಗ ಅವನಿಗೆ ಈ ಲೆಕ್ಕವೆಲ್ಲ ವಿವರಿಸಿ ಹೇಳಿದೆ. ಹಳೇ ವಿಮಾನ, ಹೊಸ ವಿಮಾನ, ಕೆನಡಾ, ಕಂತು ಎಲ್ಲ. ಒಂದು ವಿಷಯ ಅವನಿಗೆ ಹೊಸದಾಗಿ ಕಂಡಿತು. ಸೀಸನ್ನಿನ ಮೊದಲ ವಿಮಾನ ಜನರನ್ನು ಇಳಿಸಿ ಖಾಲಿ ವಾಪಸ್ ಹೋಗುತ್ತೆ, ಕರೆದೊಯ್ಯಲು ಹಿಂದಿನ ವಾರದವರು ಯಾರೂ ಇರುವುದಿಲ್ಲವಲ್ಲ. ಹಾಗೇ ಕೊನೆಯ ವಿಮಾನ ಖಾಲಿ ಬಂದು, ಉಳಿದವರನ್ನು ತುಂಬಿಕೊಂಡು ಹೋಗುತ್ತೆ. ಆ ಎರಡು ಖಾಲಿ ಹಾರಾಟಗಳ ಖರ್ಚನ್ನೂ ಮೊದಲೇ ಪ್ಯಾಕೇಜಿನ ದರದಲ್ಲಿ ಸೇರಿಸಿರುತ್ತಾರೆ. ವಿಮಾನ ಖಾಲಿ ಹಾರಿದರೂ ಯಾರೋ ದುಡ್ಡು ಕೊಟ್ಟಿರುತ್ತಾರೆ.

ಅಣ್ಣಯ್ಯ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಇಮಾನಕ್ಕಾರೆ ಎರಡ್ ಸೀಸನ್ ಇತ್ತ್. ಖಾಲಿ ಹೋರೂ ಲೆಕ್ಕಕ್ ಹಿಡಿತ್ರ್. ನಮ್ ಖಾಲಿ ಆರ್ ತಿಂಗ್ಳ್ ಯಾರ್ ಲೆಕ್ಕದಾಗ್ ಇತ್ತ್ ಮಾಣಿ?" ಅಂದ. ಅಷ್ಟರಲ್ಲಿ ಯಾರೋ ಚಾ ಕೇಳಿದರು, ಎದ್ದು ಹೋದ.

ನಿಮ್ಮಲ್ಲಿ ಯಾರಿಗಾದರೂ ಉತ್ತರ ಗೊತ್ತಿದ್ದರೆ ತಿಳಿಸಿ.