ಹಾಡುಹಗಲಿನ ಉಡಿಕೆ

ವಿಚ್ಛೇದನ ಪಡೆದ ಹೆಣ್ಣುಮಗಳೊಬ್ಬಳು ಶಿಕ್ಷಕಿಯಾಗಿ ಇಳಕಲ್ಲಿಗೆ ಬಂದಳು. ಮರುಮದುವೆಯ ಮಾತೆತ್ತಿದವರಿಗೆ ಕೈಮುಗಿದುಬಿಡುತ್ತಿದ್ದಳು. ನೆರೆಮನೆಯ ನೇಕಾರ, ಪತ್ನಿಯನ್ನು ಕಳೆದುಕೊಂಡವನು, ಸೆರಗಿನ ಹಾಸನ್ನು ಒಡಲಿನ ಹಾಸಿಗೆ ಎಳೆಯೆಳೆಯಾಗಿ ಕೊಂಡಿ ಹಾಕುವುದನ್ನು ಆಕೆ ನಿಂತು ನೋಡುತ್ತಿದ್ದಳಂತೆ. ಒಲವು ಎಂದು ಮೂಡಿತೆಂಬುದನ್ನು ಇಬ್ಬರೂ ಹೇಳಲಾರರು.

ಆಕೆಯ ತಂದೆ ನಮ್ಮಲ್ಲಿಗೆ ಬಂದು, “ಜನ ಏನೆಂದಾರು?” ಎಂದರು. 1955ರ ಹಿಂದೂ ವಿವಾಹ ಕಾಯಿದೆಯು ವೀರಶೈವ, ಲಿಂಗಾಯತರನ್ನು ಹೆಸರಿಸಿಯೇ ಒಳಗೊಂಡಿದೆ; ಮೇಲ್ಮನವಿಯ ಅವಧಿ ಮುಗಿದ ಬಳಿಕ ಮರುವಿವಾಹಕ್ಕೆ ಅದರ 15ನೆಯ ಕಲಮು ಅವಕಾಶವೀಯುತ್ತದೆ ಎಂದೆವು. ಕಾನೂನಿಗಿಂತ ಹಳೆಯದು ನಮ್ಮ ಹಿರಿಯರ ಉಡಿಕೆ. ಸೀರೆ ಉಡಿಸಿ ಹೊಸ ಬಾಳಿಗೆ ಕಳುಹುವ ಆ ಪದ್ಧತಿ ಉದಾರವಾದುದೇ. ಆದರೆ ಅದನ್ನು ರಾತ್ರಿಯಲ್ಲಿ, ವಾದ್ಯವಿಲ್ಲದೆ, ನಾಚಿಕೆಯ ಕೆಲಸವೆಂಬಂತೆ ಮುಗಿಸುತ್ತಿದ್ದುದು ನಮಗೆಂದೂ ಸಮ್ಮತವಲ್ಲ. “ಹಾಡುಹಗಲೇ ಆಗಲಿ” ಎಂದೆವು.

ಬಹುಹೊತ್ತು ಮೌನವಾಗಿದ್ದ ಆ ತಂದೆ, ಎಷ್ಟು ಮನೆಗಳಿಗೆ ಕರೆ ಕಳುಹಿಸಬೇಕೆಂದು ಕೇಳಿದರು.