ಬಾಂದುಕಲ್ಲಿಲ್ಲದ ಭೂಮಿ

ಮೋಜಣಿ ಇಲಾಖೆಯಲ್ಲಿ ಮೂವತ್ತು ವರ್ಷ ಸರಪಳಿ ಎಳೆಸಿ ವಿಶ್ರಾಂತರಾದವರಿಗೆ ಮನೆಯಲ್ಲಿ ಕುಳಿತರೂ ಗಡಿಯ ಚಿಂತೆ ತಪ್ಪದು. ಅಂಥ ರಾಯರೊಬ್ಬರು ಲಿನಕ್ಸ್ ವ್ಯವಸ್ಥೆಯ ಗಣಕಯಂತ್ರವೊಂದನ್ನು ತರಿಸಿಕೊಂಡರು. ಚಿತ್ರಗಳನ್ನು ಒತ್ತಿ ಕೆಲಸ ಮಾಡಿಸುವುದು ಅವರ ಮನಸ್ಸಿಗೆ ಹಿಡಿಸಲಿಲ್ಲ. ಕಪ್ಪು ಪರದೆಯ ಮೇಲೆ ಅಪ್ಪಣೆಯನ್ನು ಅಕ್ಷರಶಃ ಬರೆದುಕೊಡುವುದೇ ಅವರಿಗೆ ಹಿತ. ಬರೆದುದಕ್ಕೆ ಬರೆದವನೇ ಹೊಣೆಯೆಂಬುದು ಕಚೇರಿಯ ಹಳೆಯ ರೂಢಿಯಷ್ಟೆ.

ಡಿಸ್ಕನ್ನು ವಿಭಾಗಿಸುವ ವಿದ್ಯೆಯು ಅವರಿಗೆ ಜಮೀನಿನ ಪೋಡಿಯಂತೆಯೇ ಕಂಡಿತು. 1983ರಲ್ಲಿ ಪಿಸಿ ಡಾಸ್ 2.0ರೊಡನೆ ಬಂದ ಪದ್ಧತಿಯಲ್ಲಿ ಪಾಲುಪಟ್ಟಿಯು ಡಿಸ್ಕಿನ ಮೊದಲ ತುಣುಕಿನಲ್ಲಿಯೇ ಅಡಗಿರುತ್ತದೆ. ಮುಖ್ಯ ಪಾಲುಗಳು ನಾಲ್ಕನ್ನು ಮೀರುವಂತಿಲ್ಲ. ಈಚಿನ ಜಿಪಿಟಿ ಪದ್ಧತಿಯಲ್ಲಿ ಸಾಮಾನ್ಯವಾಗಿ 128 ಪಾಲುಗಳಿಗೆ ಎಡೆಯುಂಟು. ಪಟ್ಟಿಯ ಇನ್ನೊಂದು ಪ್ರತಿ ಡಿಸ್ಕಿನ ಕೊನೆಯಲ್ಲಿಯೂ ಇರುತ್ತದೆ. ಎಫ್‌ಡಿಸ್ಕ್ ಎಂಬ ಅಪ್ಪಣೆಯನ್ನಂತೂ ರಾಯರು ಬಹಳವಾಗಿ ಮೆಚ್ಚಿದರು. ಎಳೆದ ಗೆರೆಗಳೆಲ್ಲ ಕರಡು ನಕ್ಷೆಯಂತೆ ಯಂತ್ರದ ನೆನಪಿನಲ್ಲಿಯೇ ಉಳಿಯುತ್ತವೆ. ‘ಡಬ್ಲ್ಯು’ ಎಂದು ಬರೆದಾಗ ಮಾತ್ರ ಅವು ಡಿಸ್ಕಿಗೆ ಇಳಿಯುವುವು. ‘ಕ್ಯೂ’ ಎಂದು ಎದ್ದುಬಿಟ್ಟರೆ ಏನೂ ನಡೆದೇ ಇಲ್ಲ. ಇಷ್ಟು ಮರ್ಯಾದೆಯ ಗುಮಾಸ್ತನನ್ನು ಅವರು ತಮ್ಮ ಸೇವಾವಧಿಯಲ್ಲಿ ಕಂಡಿರಲಿಲ್ಲ!

ಆದರೆ ಹೀಗೆ ಗೆರೆ ಕೊಯ್ದ ಪಾಲು ನೆರೆಯ ಪಾಲಿಗೆ ತಗುಲಿ ನಿಂತುಬಿಡುತ್ತದೆ. ಒಬ್ಬನಿಗೆ ಇಕ್ಕಟ್ಟು, ಮತ್ತೊಬ್ಬನ ನೆಲ ಬೀಳು. ಈ ತೊಡಕಿಗೆ ಪರಿಹಾರವಾಗಿ 1998ರಲ್ಲಿ ಹೈಂಟ್ಸ್ ಮಾಯೆಲ್ಸ್‌ಹಾಗನ್ ಎಂಬವರು ಲಿನಕ್ಸಿಗೆ ಎಲ್‌ವಿಎಂ ಎಂಬ ಏರ್ಪಾಡನ್ನು ರಚಿಸಿದರು. ಇಲ್ಲಿ ಡಿಸ್ಕುಗಳು ಅವಿಭಕ್ತ ಕುಟುಂಬದ ಆಸ್ತಿಯಂತೆ ಒಂದೇ ಗುಂಪಿಗೆ ಸೇರುತ್ತವೆ. ಆ ಆಸ್ತಿಯನ್ನು ಸಾಮಾನ್ಯವಾಗಿ ನಾಲ್ಕು ನಾಲ್ಕು ಮೆಗಾಬೈಟಿನ ತುಂಡುಗಳಾಗಿ ಎಣಿಸಿ, ಯಾರಿಗೆ ಎಷ್ಟು ಬೇಕೋ ಅಷ್ಟನ್ನು ಕೊಡತಕ್ಕದ್ದು. ಒಂದು ಪಾಲಿನ ತುಂಡುಗಳು ಒಂದೇ ಕಡೆ ಇರಬೇಕೆಂಬ ನಿಯಮವಿಲ್ಲ. ಬಾಂದುಕಲ್ಲೇ ಇಲ್ಲ, ಇರುವುದು ದಫ್ತರ ಮಾತ್ರ. ಕಲ್ಲು ನಿಜ, ಕಾಗದ ಅದರ ನೆರಳು ಎಂದು ಜೀವಮಾನವೆಲ್ಲ ನಂಬಿದ್ದ ರಾಯರಿಗೆ ಇದು ಸ್ವಲ್ಪ ದಿಗಿಲನ್ನೇ ಉಂಟುಮಾಡಿತು.

ದಿಗಿಲು ನಿಷ್ಕಾರಣವಾಗಿರಲಿಲ್ಲವೆಂಬುದು 2016ರ ಒಂದು ಸಂಜೆ ತಿಳಿದುಬಂತು. ಮನೆಯ ಕಡತಗಳಿದ್ದ ಪಾಲಿನಲ್ಲಿ ರಾಯರ ತಾಯಿ ಹಾಡಿದ್ದ ಹಸೆಯ ಹಾಡು, ಬೀಸುವ ಹಾಡುಗಳ ಮುದ್ರಿಕೆಗಳಿದ್ದವು. ಆಕೆ ತೀರಿಕೊಂಡು ಹತ್ತು ವರ್ಷವಾಗಿತ್ತು, ಬೇರೆ ಪ್ರತಿಯಿಲ್ಲ. ವ್ಯವಸ್ಥೆಯ ಪಾಲು ತುಂಬಿಹೋದುದರಿಂದ, ಮನೆಯ ಪಾಲಿನಿಂದ ನೂರು ಗಿಗಾಬೈಟು ಕಡಿದು ಅದಕ್ಕೆ ಕೊಡೋಣವೆಂದು ರಾಯರು ಎಲ್‌ವಿರೆಡ್ಯೂಸ್ ಎಂಬ ಅಪ್ಪಣೆಯನ್ನು ಬರೆದರು. ದತ್ತಾಂಶ ನಾಶವಾದೀತೆಂದು ಯಂತ್ರ ಎಚ್ಚರಿಸಿತು. ರಾಯರು ‘ವೈ’ ಎಂದರು. ಈಗಿನ ಆವೃತ್ತಿಗಳು ಕಡತವ್ಯವಸ್ಥೆಯ ಅಳತೆಯನ್ನು ತಾವೇ ನೋಡಿ ತಡೆಯುತ್ತವೆ. ಆಗಿನದು ಕೇಳಿ ಸುಮ್ಮನಾಯಿತು.

ಪಾಲನ್ನು ಮತ್ತೆ ತೆರೆಯಹೋದರೆ ತೆರೆಯದು! ಒಳಗಿನ ಎಕ್ಸ್ಟ್4 ಕಡತವ್ಯವಸ್ಥೆಯು ತನ್ನದು ಹಳೆಯ ವಿಸ್ತೀರ್ಣವೇ ಎಂದು ಸಾಧಿಸುತ್ತಿತ್ತು, ದಫ್ತರ ಅಲ್ಲವೆನ್ನುತ್ತಿತ್ತು. ಮೊದಲು ರಿಸೈಜ್‌ಟುಎಫ್‌ಎಸ್‌ನಿಂದ ಒಕ್ಕಲನ್ನು ಒಳಕ್ಕೆ ಸರಿಸಿ, ಅನಂತರ ಗಡಿಯನ್ನು ಕಿರಿದುಮಾಡಬೇಕಾಗಿತ್ತು. ಪೈರು ನಿಂತಿರುವಾಗಲೇ ಹೊಲದ ಅಂಚನ್ನು ಬರೆದುಕೊಟ್ಟಂತಾಗಿತ್ತು.

ಆ ರಾತ್ರಿ ರಾಯರು ಊಟ ಮಾಡಲಿಲ್ಲ. ಮಡದಿ ಬಂದು, “ಏನಾಯ್ತೂಂದ್ರೆ?” ಎಂದು ಕೇಳಿದಾಗ, “ಅಮ್ಮನ ಹಾಡು” ಎಂದಷ್ಟೇ ಹೇಳಿದರು. ಆಕೆ ಮತ್ತೇನೂ ಕೇಳದೆ ಪಕ್ಕದಲ್ಲಿ ಕುಳಿತರು.

ಕೈಪಿಡಿಯನ್ನು ಓದುತ್ತ ಓದುತ್ತ ನಡುರಾತ್ರಿಯ ಹೊತ್ತಿಗೆ ಸಂಗತಿಯೊಂದು ಸಿಕ್ಕಿತು. ಎಲ್‌ವಿಎಂ ಪ್ರತಿ ಬದಲಾವಣೆಗೂ ಮುಂಚೆ ಹಿಂದಿನ ಪಾಲುಪಟ್ಟಿಯನ್ನು ತನ್ನ ಆರ್ಕೈವ್ ಎಂಬ ಕಪಾಟಿನಲ್ಲಿ ಎತ್ತಿಡುತ್ತದೆ. ಬಿಡಿಸಿದ ತುಂಡುಗಳನ್ನು ರಾಯರು ಇನ್ನೂ ಯಾರಿಗೂ ಕೊಟ್ಟಿರಲಿಲ್ಲ. ಅವುಗಳ ಮೇಲೆ ಒಂದಕ್ಷರವೂ ಬಿದ್ದಿರಲಿಲ್ಲ. ನೆಲ ಇದ್ದಂತೆಯೇ ಇತ್ತು, ತಪ್ಪಿದ್ದುದು ಬರೆಹ. ಪಾಲನ್ನು ನಿಷ್ಕ್ರಿಯಗೊಳಿಸಿ, ವಿಜಿಸಿಎಫ್‌ಜಿರಿಸ್ಟೋರ್ ಎಂಬ ಅಪ್ಪಣೆಯಿಂದ ಸಂಜೆಗಿಂತ ಹಿಂದಿನ ಪಟ್ಟಿಯನ್ನು ಮರಳಿ ಸ್ಥಾಪಿಸಿ, ಕಡತವ್ಯವಸ್ಥೆಯನ್ನು ತಪಾಸಣೆಗೊಳಪಡಿಸಿದರು. ಪಾಲು ತೆರೆಯಿತು.

ಬೆಳಗಾಗುವ ತನಕ ಅವರು ಪೋಡಿಯ ಗೋಜಿಗೆ ಹೋಗಲಿಲ್ಲ. ಬೇರೊಂದು ಡಿಸ್ಕನ್ನು ಜೋಡಿಸಿ ಹಾಡುಗಳನ್ನೆಲ್ಲ ನಕಲು ಮಾಡಲು ಕೂಡಿಸಿದರು. ನಕಲು ಸಾಗುತ್ತಿರುವಾಗ ಮಡದಿ ಒಂದು ಹಾಡನ್ನು ಹಚ್ಚಿಸಿದರು. ನಡುವೆ ಒಂದೆಡೆ ತಾಯಿ ಪದ ಮರೆತು, ನಕ್ಕು, ಮೊದಲಿನಿಂದ ಹಿಡಿಯುತ್ತಾರೆ.