ಮಿಳ್ಳೆಯೂ ಸೌಟೂ

ಮದುವೆಮನೆಯ ಪಂಕ್ತಿಯಲ್ಲಿ ಕುಳಿತಾಗ ಬಡಿಸುವವನ ಕೈಯಲ್ಲಿರುವ ಸಾಧನವನ್ನು ನೀವು ಗಮನಿಸಿದ್ದೀರೋ ಇಲ್ಲವೋ ಕಾಣೆ. ಹುಳಿಗೆ ಸೌಟು, ತುಪ್ಪಕ್ಕೆ ಮಿಳ್ಳೆ. ಹುಳಿಯನ್ನು ಮಿಳ್ಳೆಯಲ್ಲಿ ಬಡಿಸಹೊರಟರೆ ಪಂಕ್ತಿಯ ಕೊನೆಯವನು ಅನ್ನದ ಗುಡ್ಡೆಯಲ್ಲಿ ಗುಳಿ ತೋಡಿಕೊಂಡು ಕಾಯುತ್ತಲೇ ಇರಬೇಕು. ತುಪ್ಪವನ್ನು ಸೌಟಿನಲ್ಲಿ ಬಡಿಸಹೊರಟರೋ, ಎಂಥ ಕೈಹಿಡಿತದ ಭಟ್ಟರಾದರೂ ಸರಿಯೆ, ಒಬ್ಬನ ಎಲೆಯಲ್ಲಿ ಹೊಳೆ, ಮಗ್ಗುಲಿನವನ ಎಲೆಯಲ್ಲಿ ಹನಿ. ಮೋಟಾರಿನ ಎಂಜಿನ್ನಿಗೆ ಪೆಟ್ರೋಲು ಬಡಿಸುವ ಇಂಜೆಕ್ಟರಿನ ಪಾಡೂ ಇದೇ. ಅದರ ದುರದೃಷ್ಟವೆಂದರೆ, ಹುಳಿ ತುಪ್ಪ ಎರಡನ್ನೂ ಅದು ಒಂದೇ ಸೌಟಿನಲ್ಲಿ ಬಡಿಸಿ ಸೈ ಎನ್ನಿಸಿಕೊಳ್ಳಬೇಕು.

ಈ ವಿಚಾರ ನನ್ನ ತಲೆಗೆ ಹತ್ತಿದ್ದು ನನ್ನ ಸೋದರಳಿಯನಿಂದ. ಅವನಿಗೆ ಕಾರಿನ ಹುಚ್ಚು. ಹಳೆಯದೊಂದು ಹೊಂಡಾ ಸಿಟಿಯನ್ನು ಸಾಕಿಕೊಂಡಿದ್ದಾನೆ. ಒಂದೂವರೆ ಲೀಟರಿನ ವಿಟೆಕ್ ಎಂಜಿನ್ನು. ಕಾರ್ಖಾನೆಯಿಂದ ಹೊರಬಿದ್ದಾಗ ಅದರ ಬಲ ಸುಮಾರು 106 ಅಶ್ವಶಕ್ತಿ. ಅಷ್ಟು ಕುದುರೆಗಳು ಅವನಿಗೆ ಸಾಲವು. ಟರ್ಬೊ ಕೂರಿಸಿ 200 ಮಾಡಬೇಕೆಂದು ಹಟ. ರಸ್ತೆಯಲ್ಲಿ ಓಡಿಸಲಿಕ್ಕಲ್ಲ; ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ಇಂಥ ಮಾರ್ಪಾಟಿಗೆ ಅವಕಾಶ ಕೊಡುವುದಿಲ್ಲ. ಈ ಕಾರು ಲಾರಿಯ ಬೆನ್ನೇರಿ ಚೆನ್ನೈ ಬಳಿಯ ಇರುಂಗಾಟ್ಟುಕೋಟೆಗೆ ಹೋಗಿ, ಅಲ್ಲಿನ ಪಂದ್ಯದ ಹಾದಿಯಲ್ಲಿ ಒಂದಿಷ್ಟು ಗುಟುರು ಹಾಕಿ, ಮತ್ತೆ ಲಾರಿಯಲ್ಲೇ ಬೆಂಗಳೂರಿಗೆ ಮರಳುತ್ತದೆ. ಕಾರಿಗೂ ವಾಹನಯೋಗವೆಂಬುದುಂಟು!

ನನ್ನ ಬಳಿಗೆ ಅವನು ಬಂದುದಕ್ಕೆ ಕಾರಣವಿದೆ. ನಾನು ಆಡುಗೋಡಿಯ ಮೈಕೋದಲ್ಲಿ ದುಡಿದು ನಿವೃತ್ತನಾದವನು. 1951ರಲ್ಲಿ ಸ್ಥಾಪನೆಯಾಗಿ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡ ಆ ಕಂಪನಿಯ ತಪಾಸಣಾ ವಿಭಾಗದಲ್ಲಿ, ಡೀಸೆಲ್ ನಾಜಲುಗಳ ಸೂಜಿಗೂ ಗೂಡಿಗೂ ನಡುವೆ ಕೂದಲಿಗಿಂತ ತೆಳ್ಳನೆಯ ಅಂತರವನ್ನು ಅಳೆಯುತ್ತ ನನ್ನ ಕಣ್ಣು ಸವೆದಿವೆ. ಡೀಸೆಲಿನದು ಬೇರೆಯೇ ಸಂಸಾರ, ನಿಜ. ಆದರೆ ದ್ರವವೊಂದನ್ನು ಸಣ್ಣ ರಂಧ್ರದಿಂದ ಅಳೆದು ಬಿಡುವ ಗೋಳು ಎರಡು ಕಡೆಯೂ ಒಂದೇ.

ಹುಡುಗ ಹೆದರಿದ್ದ. ಹಿಂದಿನ ವರ್ಷ, ಎಲ್ಲಿಂದಲೋ ತಂದ ಹಳೆಯ ಇಂಜೆಕ್ಟರುಗಳನ್ನು ಹಾಕಿ ಓಡಿಸಿದಾಗ, ನೇರ ಹಾದಿಯ ತುದಿಯಲ್ಲಿ ಎಂಜಿನ್ನು ಕೈಕೊಟ್ಟಿತ್ತು. ಬಿಚ್ಚಿ ನೋಡಿದರೆ ಮೂರನೆಯ ಪಿಸ್ಟನ್ನಿನ ನೆತ್ತಿ ತೂತು. ಪೆಟ್ರೋಲು ಕಡಿಮೆಯಾಗಿ ಗಾಳಿ ಹೆಚ್ಚಾದರೆ ಉರಿ ಹದ ತಪ್ಪುತ್ತದೆ. ಹೊತ್ತಿಗೆ ಮುಂಚೆ ತಾನೇ ಸಿಡಿಯತೊಡಗುತ್ತದೆ. ಅಲ್ಯೂಮಿನಿಯಮ್ಮು 660 ಡಿಗ್ರಿಗೆ ಕರಗುವ ಲೋಹ. ಆ ಕೋಣೆಯೊಳಗಿನ ಜ್ವಾಲೆಯ ಮುಂದೆ ಅದು ಎಷ್ಟು ಹೊತ್ತು ನಿಂತೀತು? ಎರಡು ವರ್ಷದ ಉಳಿತಾಯ ಅಲ್ಲಿ ಆವಿಯಾಯಿತು. ನನ್ನ ತಂಗಿ ಮಗನಿಂದ ಮಾತು ತೆಗೆದುಕೊಂಡಿದ್ದಳು: ಇನ್ನೊಮ್ಮೆ ಸುಟ್ಟರೆ ಕಾರನ್ನು ಮಾರಿಬಿಡತಕ್ಕದ್ದು.

"ಮಾವ, ಈ ಸಲ ಸಾವಿರ ಸಿ.ಸಿ.ದೇ ಹಾಕಿಬಿಡ್ತೀನಿ. ದೊಡ್ಡದಿದ್ರೆ ಭಯವೇ ಇರಲ್ಲವಲ್ಲ" ಎಂದ.

ಉಪವಾಸ ಬಿದ್ದವನು ಊಟಕ್ಕೆ ಕುಳಿತಾಗ ಎರಡು ಎಲೆ ಹಾಕಿಸಿಕೊಳ್ಳುವ ಜಾತಿಯ ಮಾತಿದು. ಇಂಜೆಕ್ಟರಿನ ಗಾತ್ರವೆಂದರೆ, ಸಾಮಾನ್ಯವಾಗಿ 3 ಬಾರ್ ಒತ್ತಡದಲ್ಲಿ ಬಾಯಿ ಮುಚ್ಚದೆ ತೆರೆದಿಟ್ಟರೆ ಒಂದು ನಿಮಿಷದಲ್ಲಿ ಎಷ್ಟು ಸಿ.ಸಿ. ಸುರಿಯುತ್ತದೆ ಎಂಬ ಲೆಕ್ಕ. ನಾನು ಕಾಗದ ಪೆನ್ಸಿಲು ತೆಗೆದುಕೊಂಡೆ. ಟರ್ಬೊ ಇರುವ ಎಂಜಿನ್ನು ಗಂಟೆಗೆ ಒಂದೊಂದು ಅಶ್ವಶಕ್ತಿಗೂ ಸುಮಾರು 270 ಗ್ರಾಂ ಪೆಟ್ರೋಲು ತಿನ್ನುತ್ತದೆ. 200 ಕುದುರೆಗೆ 54 ಕಿಲೊ. ನಾಲ್ಕು ಇಂಜೆಕ್ಟರುಗಳಿಗೆ ಹಂಚಿದರೆ ತಲಾ ಹದಿಮೂರೂವರೆ ಕಿಲೊ. ನಿಮಿಷಕ್ಕೆ 225 ಗ್ರಾಂ. ಒಂದು ಸಿ.ಸಿ. ಪೆಟ್ರೋಲು ಹೆಚ್ಚು ಕಡಿಮೆ ಮುಕ್ಕಾಲು ಗ್ರಾಂ ತೂಗುವುದರಿಂದ, 300 ಸಿ.ಸಿ.

ಹಾಗೆಂದು 300ರದನ್ನು ಕೊಳ್ಳುವಂತಿಲ್ಲ. ಎಂಜಿನ್ನು ನಿಮಿಷಕ್ಕೆ 7000 ಸುತ್ತು ತಿರುಗುವಾಗ, ಎರಡು ಸುತ್ತಿಗೊಮ್ಮೆ ಬಡಿಸುವ ಇಂಜೆಕ್ಟರಿಗೆ ಸಿಕ್ಕುವ ಸಮಯ ಕೇವಲ 17 ಮಿಲಿಸೆಕೆಂಡು. ಆ ಹೊತ್ತೆಲ್ಲ ಬಾಯಿ ತೆರೆದೇ ಇದ್ದರೆ ಅದು ಅಳೆಯುವ ಸಾಧನವಾಗಿ ಉಳಿಯದೆ ಬರಿಯ ನಲ್ಲಿಯಾಗುತ್ತದೆ. ಮುಂದೆ ಬೇಕೆಂದರೂ ಕೊಡಲು ಅದರ ಬಳಿ ಏನೂ ಇಲ್ಲ. ಆದುದರಿಂದ ನೂರಕ್ಕೆ ಎಂಬತ್ತು ಪಾಲಿಗಿಂತ ಹೆಚ್ಚು ದುಡಿಸಬಾರದೆಂದು ಬಲ್ಲವರು ಹೇಳುತ್ತಾರೆ. ಹಾಗಾದರೆ 375. ಇಷ್ಟಕ್ಕೆ ಮುಗಿಯಲಿಲ್ಲ. 2025ರ ಹೊತ್ತಿಗೆ ನಮ್ಮ ಬಂಕುಗಳ ಪೆಟ್ರೋಲಿನಲ್ಲಿ ಐದರಲ್ಲೊಂದು ಪಾಲು ಎಥನಾಲು ಸೇರಿಯಾಯಿತು. ಒಂದು ಕಿಲೊ ಪೆಟ್ರೋಲು ಉರಿಯಲು 14.7 ಕಿಲೊ ಗಾಳಿ ಬೇಕಾದರೆ ಎಥನಾಲಿಗೆ 9 ಕಿಲೊ ಸಾಕು; ಅಂದರೆ ಅಷ್ಟೇ ಗಾಳಿಗೆ ಈ ಮಿಶ್ರಣವನ್ನು ನೂರಕ್ಕೆ ಏಳೆಂಟು ಪಾಲು ಹೆಚ್ಚಾಗಿ ಬಡಿಸಬೇಕು. ಎಲ್ಲ ಸೇರಿ 405ರ ಆಸುಪಾಸು. ಅಂಗಡಿಯಲ್ಲಿ ಸಿಕ್ಕುವ ಮುಂದಿನ ಅಳತೆ 440.

"ಅದಕ್ಕೇ ಮಾವ, ಸಾವಿರ ಹಾಕಿದ್ರೆ ಈ ಲೆಕ್ಕವೇ ಬೇಡ!"

ಲೆಕ್ಕ ಬೇಡವೆನ್ನುವವರನ್ನು ಕಂಡರೆ ನನಗೆ ಮೊದಲಿನಿಂದ ಅಷ್ಟಕ್ಕಷ್ಟೆ. ಹುಳಿಯ ಮಾತಾಯಿತು, ತುಪ್ಪದ ಗತಿಯೇನು? ಎಂಜಿನ್ನು ನಿಂತಲ್ಲೇ 800 ಸುತ್ತಿನಲ್ಲಿ ಗೊಣಗುತ್ತಿರುವಾಗ ಗಂಟೆಗೆ ಸುಮಾರು ಒಂದು ಲೀಟರು ಕುಡಿಯುತ್ತದೆ ಎನ್ನೋಣ. ಆಗ ಒಂದೊಂದು ಬಾರಿ ಬಡಿಸಬೇಕಾದುದು ಒಂದು ಸಿ.ಸಿ.ಯ ನೂರರಲ್ಲೊಂದು ಪಾಲು. 440ರ ಇಂಜೆಕ್ಟರು ಇದನ್ನು ಸುಮಾರು 1.4 ಮಿಲಿಸೆಕೆಂಡಿನಲ್ಲಿ ಬಡಿಸುತ್ತದೆ, ಸಾವಿರದ್ದು 0.6ರಲ್ಲಿ. ವಿದ್ಯುತ್ತು ಹರಿದ ಮೇಲೆ ಒಳಗಿನ ಸೂಜಿ ಏಳುವುದಕ್ಕೇ ಸುಮಾರು ಒಂದು ಮಿಲಿಸೆಕೆಂಡು ಬೇಕು. ಬಡಿಸುವ ಹೊತ್ತಿಗಿಂತ ಸೌಟು ಎತ್ತುವ ಹೊತ್ತೇ ಹೆಚ್ಚಾದರೆ ಅಳತೆಗೆ ನೆಚ್ಚಿಕೆಯೆಲ್ಲಿ? ಸಾಲದ್ದಕ್ಕೆ, ದೀಪವೋ ಫ್ಯಾನೋ ಹೊತ್ತಿಕೊಂಡು ಬ್ಯಾಟರಿಯ ವೋಲ್ಟೇಜು ಇಳಿದರೆ ಸೂಜಿ ಇನ್ನೂ ಸೋಮಾರಿಯಾಗುತ್ತದೆ.

ಅವನೂ ಬಿಡಲಿಲ್ಲ. ಈಗಿನ ದೊಡ್ಡ ಇಂಜೆಕ್ಟರುಗಳು ಹಾಗಿಲ್ಲವೆಂದ. ಅದು ಸತ್ಯ. ಒಳ್ಳೆಯ ತಯಾರಕರು ಯಾವ ವೋಲ್ಟೇಜಿಗೆ ಎಷ್ಟು ತಡ ಎಂಬ ಪಟ್ಟಿಯನ್ನೇ ಜೊತೆಗೆ ಕೊಡುತ್ತಾರೆ. ಅದನ್ನು ಎಂಜಿನ್ನಿನ ಗಣಕಕ್ಕೆ ಉಣಿಸಿದರೆ ಸಾವಿರದ್ದೂ ರೇಷ್ಮೆಯಂತೆ ನಡೆಯುತ್ತದೆ. ಆದರೆ ಅವನ ಕಿಸೆಗೆ ಎಟುಕುತ್ತಿದ್ದ ಸಾವಿರದ್ದು ಪಟ್ಟಿಯೂ ಇಲ್ಲದ, ತಂದೆತಾಯಿ ಯಾರೆಂದು ತಿಳಿಯದ ಮಾಲು.

ಮಾತು ಇಲ್ಲಿಗೆ ನಿಂತಾಗ ನಾನು ಹಳೆಯ ನಾಲ್ಕನ್ನೂ ತರಿಸಿದೆ. ಪರಿಚಯದ ಮೇಸ್ತ್ರಿಯೊಬ್ಬರ ಬಳಿ ಪರೀಕ್ಷೆಯ ಯಂತ್ರವಿದೆ. ನಾಲ್ಕು ಗಾಜಿನ ಕೊಳವೆಗಳ ಮೇಲೆ ನಾಲ್ಕನ್ನೂ ಸಾಲಾಗಿ ಕೂರಿಸಿ ಓಡಿಸಿದರು. ಮೂರು ಕೊಳವೆಗಳಲ್ಲಿ ಮಟ್ಟ ಒಂದೇ ಗೆರೆಗೆ ಏರಿತು. ಮೂರನೆಯದರಲ್ಲಿ ಎದ್ದು ಕಾಣುವಷ್ಟು ಕೆಳಗೆ. ಒಳಗಿನ ಪುಟ್ಟ ಜಾಲರಿಯಲ್ಲಿ ಕಸ.

ಹುಡುಗ ಮಾತಿಲ್ಲದೆ ಆ ಕೊಳವೆಯನ್ನೇ ನೋಡುತ್ತಿದ್ದ. "ಮೀಟರು ಸರಿಯಾಗೇ ತೋರಿಸ್ತಿತ್ತಲ್ಲ ಮಾವ?" ಎಂದ, ಸ್ವಲ್ಪ ಹೊತ್ತಿನ ಮೇಲೆ.

ತೋರಿಸದೆ ಏನು? ಹೊಗೆಯ ಹದ ನೋಡುವ ಆ ಸಾಧನ ಕೂತಿರುವುದು ನಾಲ್ಕೂ ಕೊಳವೆಗಳು ಸೇರಿದ ಮೇಲೆ. ಮೂವರು ಹೊಟ್ಟೆತುಂಬ ಉಂಡು ಒಬ್ಬ ಹಸಿದಿದ್ದರೆ ಅದು ಸರಾಸರಿ ತೆಗೆದು, ಪಂಕ್ತಿ ತೃಪ್ತವೆಂದು ವರದಿ ಒಪ್ಪಿಸುತ್ತದೆ. ಸರ್ಕಾರದ ಅಂಕಿ ಅಂಶಗಳನ್ನು ಓದಿದವರಿಗೆ ಇದು ಹೊಸತಾಗಿ ತೋರಲಾರದು. ಆ ಎಂಜಿನ್ನಿಗೆ ಅಷ್ಟೇ ಕಸದ ಸಾವಿರದ್ದನ್ನು ಹಾಕಿದ್ದರೂ ಮೂರನೆಯ ಪಿಸ್ಟನ್ನಿಗೆ ಅದೇ ಗತಿ.

440ರದು, ಒಂದೇ ಅಳತೆಗೆ ಹೊಂದಿಸಿದ ನಾಲ್ಕು, ಪಟ್ಟಿಯ ಸಮೇತ ಬಂದವು. ಮುಂದೆಂದಾದರೂ ಇನ್ನೂ ಕುದುರೆಗಳು ಬೇಕೆನಿಸಿದರೆ ಎಂದು ಅವನು ರಾಗವೆಳೆದ. 3 ಬಾರಿನ ಒತ್ತಡವನ್ನು 4ಕ್ಕೆ ಏರಿಸಿದರೆ ನೂರಕ್ಕೆ ಹದಿನೈದರಷ್ಟು ಹೆಚ್ಚು ಬಂದೀತು, ಪಂಪು ತಡೆದುಕೊಂಡರೆ, ಎಂದೆ. ಮೂರರಲ್ಲೊಂದು ಪಾಲು ಏರಿಸಿದರೂ ಬರುವುದು ಹದಿನೈದೇ. ವರ್ಗಮೂಲದ ಜಿಪುಣತನ ಅದು. ಪಂಪಿನ ವಿಷಯದಲ್ಲಿ ನಮ್ಮಿಬ್ಬರ ವ್ಯಾಜ್ಯ ಇನ್ನೂ ತೀರಿಲ್ಲ.

ಇರುಂಗಾಟ್ಟುಕೋಟೆಯಿಂದ ಭಾನುವಾರ ಸಂಜೆ ಅವನು ಫೋನಿಗೆ ಒಂದು ಚಿತ್ರ ಕಳಿಸಿದ. ಬಿಳಿಯ ಬಟ್ಟೆಯ ಮೇಲೆ ನಾಲ್ಕು ಸ್ಪಾರ್ಕ್ ಪ್ಲಗ್ಗುಗಳು ಸಾಲಾಗಿ ಮಲಗಿದ್ದವು. ನಾಲ್ಕರ ತುದಿಯೂ ಒಂದೇ ತೆಳುಗಂದು. ನನ್ನ ತಂಗಿ ಪಕ್ಕದಲ್ಲೇ ಕುಳಿತಿದ್ದಳು. ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ನೋಡಿದಳು.

"ಸುಟ್ಟಿಲ್ಲ ತಾನೇ ಅಣ್ಣಾ?" ಎಂದಳು.

"ಸುಟ್ಟಿಲ್ಲಮ್ಮ" ಎಂದೆ. ಅವಳು ಎದ್ದು ಕಾಫಿಗೆ ನೀರಿಡಲು ಹೋದಳು.